ವಿರಳ ಬಳಕೆಯ ಜಾಲ ತಂತ್ರಾಂಶ: ಪ್ರಚಾರದ ಹೊಣೆ ಯಾರದು?

ಯಾವುದೇ ಸರಕು ಮಾರುಕಟ್ಟೆಯಲ್ಲಿ ನೆಲೆಯೂರಲು ಗುಣಮಟ್ಟವೊಂದೇ ಸಾಲದು. ಅದರ ಬಗ್ಗೆ ತಿಳಿಸಿ ಹೇಳುವವರೂ, ಕೆಟ್ಟಾಗ ಸರಿಪಡಿಸಿಕೊಡುವವರೂ ಇರಬೇಕು. ಕುಂದಾಪುರದ ಹೆಂಚು ಮತ್ತು ಗೋಡಂಬಿ ಕಾರ್ಖಾನೆಗಳಿಗಾಗಲಿ, ಬ್ರಹ್ಮಾವರದ ಅಕ್ಕಿ ಗಿರಣಿಗಳಿಗಾಗಲಿ, ಬೈಂದೂರು ತಾಲೂಕಿನ ಕೊಲ್ಲೂರಿನ ವಸತಿಗೃಹಗಳಿಗಾಗಲಿ ಈ ಮಾತು ಹೊಸದಲ್ಲ. ಯಂತ್ರ ಕೊಳ್ಳುವಾಗ ಬಿಡಿಭಾಗ ಎಲ್ಲಿ ಸಿಗುತ್ತದೆಂದು ವಿಚಾರಿಸುವ ಉದ್ಯಮಿಯು ತಂತ್ರಾಂಶ ಕೊಳ್ಳುವಾಗ ಮಾತ್ರ ಈ ಪ್ರಶ್ನೆಯನ್ನು ಕೇಳಲು ಮರೆಯುವುದುಂಟು.

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಗಣಕೀಕೃತ ಲೆಕ್ಕಪತ್ರ ಸಣ್ಣ ವ್ಯಾಪಾರಿಗೂ ಅನಿವಾರ್ಯವಾಯಿತು. 2023ರ ಆಗಸ್ಟ್ 1ರಿಂದ ವಾರ್ಷಿಕ 5 ಕೋಟಿ ರೂಪಾಯಿ ಮೀರಿದ ವಹಿವಾಟಿನವರು ಇತರ ನೋಂದಾಯಿತ ವ್ಯಾಪಾರಿಗಳಿಗೆ ಮಾಡುವ ಮಾರಾಟಕ್ಕೆ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಲೆಕ್ಕ, ದಾಸ್ತಾನು, ಜಾಲತಾಣದ ಬೇಡಿಕೆ ಇವೆಲ್ಲ ಒಂದೇ ಕಡೆ ಇರಬೇಕೆಂಬ ಆಸೆ ಸಹಜ. ಆಗ ಹೆಚ್ಚು ಜನರಿಗೆ ಪರಿಚಯವಿಲ್ಲದ ವೇದಿಕೆಗಳ ಹೆಸರೂ ಕೇಳಿಬರುತ್ತದೆ.

ಫ್ರಾಪೆಯ ಉದಾಹರಣೆ

ಮುಂಬಯಿಯಲ್ಲಿ ರೂಪುಗೊಂಡ ಫ್ರಾಪೆ ಅಂತಹ ಒಂದು ವೇದಿಕೆ. ರುಷಭ್ ಮೆಹ್ತಾ ಅವರು ತಮ್ಮ ಕುಟುಂಬದ ಪೀಠೋಪಕರಣ ಉದ್ಯಮಕ್ಕೆ ಒಪ್ಪುವ ನಿರ್ವಹಣಾ ತಂತ್ರಾಂಶವನ್ನು ಅರಸಿದ ಅನುಭವವೇ ಇದರ ಮೂಲ. ಹೆಂಚಿನ ಉದ್ಯಮದ ಭಾಷೆಯಲ್ಲಿ ಹೇಳುವುದಾದರೆ ಫ್ರಾಪೆ ಒಂದು ಅಚ್ಚು. ಆ ಅಚ್ಚಿನಿಂದ ತೆಗೆದ ಹೆಂಚು ಇಆರ್‌ಪಿನೆಕ್ಸ್ಟ್ ಎಂಬ ಉದ್ಯಮ ನಿರ್ವಹಣಾ ತಂತ್ರಾಂಶ. ಅದೇ ಅಚ್ಚಿನಿಂದ ಆಸ್ಪತ್ರೆಗೆ, ಶಾಲೆಗೆ, ಗೋದಾಮಿಗೆ ಬೇಕಾದ ಬೇರೆ ಬೇರೆ ಜಾಲ ತಂತ್ರಾಂಶಗಳನ್ನೂ ತಯಾರಿಸಬಹುದು. ಎರಡೂ ಮುಕ್ತ ತಂತ್ರಾಂಶಗಳು, ಪರವಾನಗಿ ಶುಲ್ಕವಿಲ್ಲ. ಷೇರು ವಹಿವಾಟು ಕ್ಷೇತ್ರದ ಬೆಂಗಳೂರಿನ ಝೆರೋಧಾ ಸಂಸ್ಥೆ ಇದನ್ನು ಬಳಸಿದ್ದಲ್ಲದೆ ಕಂಪನಿಯಲ್ಲಿ ಹಣವನ್ನೂ ತೊಡಗಿಸಿದೆ.

ಶುಲ್ಕವಿಲ್ಲವೆಂದರೆ ವೆಚ್ಚವಿಲ್ಲವೆಂದಲ್ಲ. ಸರ್ವರ್ ಬಾಡಿಗೆ, ಅಳವಡಿಕೆ, ಸಿಬ್ಬಂದಿ ತರಬೇತಿ, ನವೀಕರಣ ಇವಕ್ಕೆಲ್ಲ ಹಣ ಬೇಕು. ಅನುಷ್ಠಾನ ಮಾಡುವವರು ಮೂಲ ತಂತ್ರಾಂಶವನ್ನೇ ತಿದ್ದಿಬಿಟ್ಟರೆ ಮುಂದಿನ ಆವೃತ್ತಿಗೆ ಬದಲಾಗುವುದು ಕಷ್ಟ. ತಿದ್ದುಪಡಿಗಳನ್ನು ಪ್ರತ್ಯೇಕ ಘಟಕವಾಗಿ ಇರಿಸುವುದೇ ಸರಿಯಾದ ಕ್ರಮ. ಇದನ್ನು ತಿಳಿಸದೆ ಮಾಡುವ ಪ್ರಚಾರ ಅರ್ಧ ಸತ್ಯವಾಗುತ್ತದೆ.

ಟ್ಯಾಲಿ ಕಲಿಸಿದ ಪಾಠ

ಹಾಗಾದರೆ ಪ್ರಚಾರ ಮಾಡಬೇಕಾದವರು ಯಾರು? ತಯಾರಕರೇ ಎಂಬುದು ಮೊದಲು ಹೊಳೆಯುವ ಉತ್ತರ. ಆದರೆ ಪ್ರತಿಯೊಂದನ್ನೂ ಉಚಿತವಾಗಿ ಕೊಡುವ ಸಂಸ್ಥೆಗೆ ಸರ್ವರ್ ಸೇವೆ ಮತ್ತು ಬೆಂಬಲ ಸೇವೆಗಳೇ ಆದಾಯದ ದಾರಿ. ಅದು ಪ್ರತಿ ತಾಲೂಕಿಗೂ ಮಾರಾಟ ಪ್ರತಿನಿಧಿಯನ್ನು ಕಳುಹಿಸಲಾರದು. ಉತ್ತಮ ಕೈಪಿಡಿ, ಕಲಿಕಾ ಪಾಠಗಳು, ಸಕಾಲಿಕ ದೋಷ ನಿವಾರಣೆ ಇವಿಷ್ಟೇ ಅದರಿಂದ ನ್ಯಾಯವಾಗಿ ನಿರೀಕ್ಷಿಸಬಹುದಾದದ್ದು.

ಇಲ್ಲಿ ಟ್ಯಾಲಿಯ ಇತಿಹಾಸ ಗಮನಾರ್ಹ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಪುತ್ರ ಭರತ್ ಗೋಯೆಂಕಾ ಆರಂಭಿಸಿದ ಸಂಸ್ಥೆ ಅದು. ತಮ್ಮ ವ್ಯಾಪಾರದ ಲೆಕ್ಕವಿಡಲು ತೃಪ್ತಿಕರ ತಂತ್ರಾಂಶ ದೊರೆಯದಿದ್ದುದೇ ಅದಕ್ಕೂ ಪ್ರೇರಣೆ. ಅದು ಸಣ್ಣ ಊರುಗಳ ಅಂಗಡಿಗಳವರೆಗೆ ಬಂದದ್ದು ಕೇವಲ ಜಾಹೀರಾತಿನಿಂದಲ್ಲ. ಊರಿನ ವಿತರಕ, ಲೆಕ್ಕ ಪರಿಶೋಧಕ ಮತ್ತು ಟ್ಯಾಲಿ ಕಲಿಸುವ ತರಬೇತಿ ಕೇಂದ್ರ ಈ ಮೂವರೂ ಅದನ್ನು ಹೊತ್ತು ತಂದರು. ಗುಮಾಸ್ತನೊಬ್ಬ ಕೆಲಸ ಬಿಟ್ಟರೆ ಟ್ಯಾಲಿ ಬಲ್ಲ ಮತ್ತೊಬ್ಬ ಸಿಗುತ್ತಾನೆಂಬ ಭರವಸೆಯೇ ಅದರ ನಿಜವಾದ ಬಂಡವಾಳ.

ವಿರಳ ವೇದಿಕೆಗೆ ಕೊರತೆಯಿರುವುದು ಈ ಭರವಸೆಯದೇ. ಉತ್ಸಾಹಿ ಯುವಕನೊಬ್ಬ ತನಗೆ ಪ್ರಿಯವಾದ ವೇದಿಕೆಯಲ್ಲಿ ಎಲ್ಲವನ್ನೂ ಕಟ್ಟಿಕೊಟ್ಟು, ವರ್ಷದೊಳಗೆ ಬೆಂಗಳೂರಿಗೆ ಉದ್ಯೋಗಕ್ಕೆ ಹೋದನೆಂದುಕೊಳ್ಳಿ. ಪಾಸ್‌ವರ್ಡ್ ಅವನಲ್ಲಿ, ದಾಸ್ತಾನಿನ ವಿವರ ದೂರದ ಸರ್ವರ್‌ನಲ್ಲಿ. ಗೋಡಂಬಿಯ ಹಂಗಾಮು ಮಾತ್ರ ಕಾಯುವುದಿಲ್ಲ. ಇಲ್ಲಿ ದೋಷ ತಂತ್ರಾಂಶದ್ದಲ್ಲ. ಶಿಫಾರಸು ಮಾಡಿದವನಿಗೂ ಪಾಲನೆಗೂ ಸಂಬಂಧ ಕಡಿದುಹೋದುದೇ ದೋಷ.

ಸ್ಥಳೀಯ ಅನುಷ್ಠಾನಕಾರರೇ ಸೂಕ್ತ

ಆದ್ದರಿಂದ ಪ್ರಚಾರದ ಮುಖ್ಯ ಹೊಣೆ ಸ್ಥಳೀಯ ಅನುಷ್ಠಾನಕಾರರಿಗೆ ಸೇರಬೇಕು. ಅವರಿಗೆ ಅದರಿಂದ ಆದಾಯವುಂಟು, ಮಾತು ತಪ್ಪಿದರೆ ಊರಿನಲ್ಲೇ ಉತ್ತರ ಹೇಳಬೇಕಾದ ಅಂಕುಶವೂ ಉಂಟು. ಬಳಕೆದಾರನ ಸಾಕ್ಷ್ಯವು ಅವರ ಮಾತಿಗೆ ತೂಕ ಕೊಡುತ್ತದೆ. ಮೂಡ್ಲಕಟ್ಟೆ, ಬಂಟಕಲ್, ಮಣಿಪಾಲದ ತಾಂತ್ರಿಕ ವಿದ್ಯಾಲಯಗಳ ವಿದ್ಯಾರ್ಥಿಗಳು ಇಂತಹ ವೇದಿಕೆಯನ್ನು ಕಲಿತರೆ ಒಬ್ಬನನ್ನೇ ನೆಚ್ಚಿಕೊಳ್ಳುವ ಅಪಾಯ ತಗ್ಗುತ್ತದೆ.

ವಿರಳ ವಿದ್ಯೆಗೆ ಅನ್ನವಿಲ್ಲವೆಂಬ ಅಂಜಿಕೆ ಬೇಡ. 1996ರಲ್ಲಿ ರೋಹಿತ್ ಭಟ್ ಉಡುಪಿಯಲ್ಲಿ ಸ್ಥಾಪಿಸಿದ ರೋಬೋಸಾಫ್ಟ್, ನಮ್ಮಲ್ಲಿ ಬಳಕೆದಾರರು ಬೆರಳೆಣಿಕೆಯಷ್ಟಿದ್ದ ಮ್ಯಾಕಿಂಟೋಷ್ ಗಣಕಗಳ ತಂತ್ರಾಂಶದಲ್ಲಿ ಪರಿಣತಿ ಗಳಿಸಿತು. 2007ರಲ್ಲಿ ಐಫೋನ್ ಬಂದಾಗ ಆ ಪರಿಣತಿಯೇ ಆಸ್ತಿಯಾಯಿತು. ಆದರೆ ಅದರ ಗ್ರಾಹಕರು ದೇಶ ವಿದೇಶಗಳಲ್ಲಿದ್ದರು. ಊರಿನ ಅಂಗಡಿಕಾರನನ್ನು ನೆಚ್ಚುವವನಿಗೆ ಸೇವೆಯೇ ಮೊದಲ ಬಂಡವಾಳ.

ವಾಣಿಜ್ಯ ಸಂಘಗಳ ಪಾತ್ರ

ವರ್ತಕರ ಸಂಘಗಳು ಯಾವುದೇ ಒಂದು ತಂತ್ರಾಂಶಕ್ಕೆ ಮುದ್ರೆಯೊತ್ತುವುದು ಸಲ್ಲದು. ಸ್ಪರ್ಧಿಗಳಿಬ್ಬರನ್ನೂ ಒಂದೇ ಸಭೆಗೆ ಕರೆದು ಪ್ರಾತ್ಯಕ್ಷಿಕೆ ಏರ್ಪಡಿಸುವುದು ಯೋಗ್ಯ. ಅಲ್ಲಿ ಸದಸ್ಯರು ಈ ನಾಲ್ಕು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು:

1. ಜಾಲತಾಣದ ಹೆಸರು, ಸರ್ವರ್ ಖಾತೆ ಮತ್ತು ಪಾಸ್‌ವರ್ಡ್‌ಗಳು ಮಾಲೀಕರ ಹೆಸರಿನಲ್ಲಿ ಇರುತ್ತವೆಯೇ?

2. ಎಲ್ಲ ಲೆಕ್ಕ ಮತ್ತು ದಾಸ್ತಾನಿನ ಮಾಹಿತಿಯನ್ನು ಬೇಕೆಂದಾಗ ಹೊರತೆಗೆದು ಬೇರೆ ತಂತ್ರಾಂಶಕ್ಕೆ ಒಯ್ಯಬಹುದೇ?

3. ಈ ಕೆಲಸ ಬಲ್ಲ ಎರಡನೆಯ ವ್ಯಕ್ತಿ ಜಿಲ್ಲೆಯಲ್ಲಿ ಯಾರಿದ್ದಾರೆ?

4. ಎರಡನೆಯ ವರ್ಷದಿಂದ ತಗಲುವ ವೆಚ್ಚವೆಷ್ಟು? ಒಂದು ವರ್ಷ ಬಳಸಿದ ಉದ್ಯಮಿಯೊಬ್ಬರೊಡನೆ ಮಾತನಾಡಬಹುದೇ?

ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಕೊಡಬಲ್ಲವರು ತಮ್ಮ ವೇದಿಕೆ ಎಷ್ಟೇ ವಿರಳವಾಗಿದ್ದರೂ ಧಾರಾಳವಾಗಿ ಪ್ರಚಾರ ಮಾಡಲಿ. ಉತ್ತರಿಸಲಾರದವರ ಸರಕು ಎಷ್ಟೇ ಪ್ರಸಿದ್ಧವಾಗಿದ್ದರೂ ವರ್ತಕರು ಮುಂಗಡ ಹಣ ಕೊಡುವ ಮುನ್ನ ಯೋಚಿಸುವುದು ಕ್ಷೇಮ.