ಹಟ್ಟಿ ಗಣಿಯ ಧೂಳನ್ನು ಎಲ್ಲಿ ಹಿಡಿಯಬೇಕು?

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನ ಅಡಗಿರುವುದು ಬೆಣಚುಕಲ್ಲಿನ ಪಟ್ಟಿಗಳಲ್ಲಿ. ಆ ಕಲ್ಲನ್ನು ಕೊರೆದಾಗ, ಸಿಡಿಸಿದಾಗ, ಪುಡಿ ಮಾಡಿದಾಗ ಸಿಲಿಕಾ ಧೂಳು ಏಳುತ್ತದೆ. ಅದರಲ್ಲಿ ಹೆಚ್ಚು ಅಪಾಯದ್ದು ಕಣ್ಣಿಗೆ ಕಾಣದ ಸಣ್ಣ ಕಣ. ಅದು ಶ್ವಾಸಕೋಶದ ತಳಕ್ಕಿಳಿದು, ಅಲ್ಲೇ ಉಳಿದು, ವರ್ಷಗಳ ನಂತರ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತರಬಹುದು. ಪೂರ್ತಿ ಗುಣಪಡಿಸುವ ಮದ್ದಿಲ್ಲ; ಕ್ಷಯ ಅಂಟುವ ಭಯವೂ ಹೆಚ್ಚು. ಕೋಲಾರದ ಚಿನ್ನದ ಗಣಿಗಳಿದ್ದ ಮೈಸೂರು ಸಂಸ್ಥಾನ 1940ರಲ್ಲೇ ಸಿಲಿಕೋಸಿಸ್ ನಿಯಮಗಳನ್ನು ತಂದಿತ್ತು. ಅಂದರೆ ಈ ಅಪಾಯ ಹೊಸದಾಗಿ ಗೊತ್ತಾದದ್ದಲ್ಲ.

ಮಾಸ್ಕ್ ಕೊಟ್ಟರೆ ಸಾಲದೇ ಎನ್ನುತ್ತಾರೆ. ಸಾಲದು. ಆಳದ ಸೆಕೆಗೆ ಬೆವರಿ ಮಾಸ್ಕ್ ಜಾರುತ್ತದೆ, ಗಡ್ಡವಿದ್ದರೆ ಅಂಚಿನಲ್ಲಿ ಸಂದು ಬೀಳುತ್ತದೆ. ಮುಖಕ್ಕೆ ಸುತ್ತಿದ ಟವೆಲ್ ಅಂತೂ ಈ ಕಣವನ್ನು ತಡೆಯದು. ಧೂಳನ್ನು ಅದು ಏಳುವ ಜಾಗದಲ್ಲೇ ಹಿಡಿಯಬೇಕು: ಡ್ರಿಲ್ಲಿನ ತುದಿಗೇ ನೀರು ಹಾಯಿಸಬೇಕು, ಸಿಡಿಸಿದ ಮೇಲೆ ಗಾಳಿ ತಿಳಿಯಾಗುವವರೆಗೆ ಯಾರನ್ನೂ ಒಳಬಿಡಬಾರದು. ನೀರಿನಿಂದ ತೇವ ಏರಿ ಸೆಕೆ ಹೆಚ್ಚುತ್ತದೆ ಎಂಬ ಆಕ್ಷೇಪ ನಿಜ. ಅದಕ್ಕೆ ಗಾಳಿಯಾಟ ಹೆಚ್ಚಿಸಬೇಕು, ನೀರು ನಿಲ್ಲಿಸಿದರೆ ಕಾರ್ಮಿಕನ ಉಸಿರೇ ಬೆಲೆ ತೆರುತ್ತದೆ. ಮಸ್ಕಿ, ಸಿಂಧನೂರು ಕಡೆ ಕಲ್ಲು ಒಡೆಯುವ ಕ್ರಷರಿಗೂ ಇದೇ ಮಾತು: ಧೂಳನ್ನು ಏಳುವಲ್ಲೇ ಹಿಡಿಯಬೇಕು. ಕೆಲಸ ಬಿಟ್ಟ ಮೇಲೂ ಸಿಲಿಕೋಸಿಸ್ ತಲೆಯೆತ್ತಬಹುದು. ಹಾಗಾಗಿ ಕೆಮ್ಮು, ಏದುಸಿರು ಎಂದು ಆಸ್ಪತ್ರೆಗೆ ಹೋದರೆ, ಹಿಂದೆ ಮಾಡಿದ ಗಣಿ ಕೆಲಸವನ್ನೂ ಡಾಕ್ಟರಿಗೆ ಹೇಳಿ.