ಕೊಲ್ಹಾಪುರದಲ್ಲಿ ಹಾಡಿದ ರಾವಣ

ಕನ್ನಡದಲ್ಲಿ ತೆರೆಕಂಡ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ರಾವಣ ಆರ್. ನಾಗೇಂದ್ರರಾಯರು. ಚಿತ್ರದ ಸಂಗೀತದ ಹೊಣೆಯನ್ನೂ ಹೊತ್ತವರು ಅವರೇ. 1896ರಲ್ಲಿ ಹೊಳಲ್ಕೆರೆಯಲ್ಲಿ ಹುಟ್ಟಿದ ರಾಯರು ಕಂಪನಿ ನಾಟಕಗಳಲ್ಲಿ ಪಳಗಿದವರು. ಮೈಕಿಲ್ಲದ ಆ ಕಾಲದಲ್ಲಿ ಕಟ್ಟಕಡೆಯ ಸಾಲಿನ ಚಾಪೆಯ ಮೇಲೆ ಕೂತವನಿಗೂ ಪದ್ಯದ ಒಂದೊಂದು ಅಕ್ಷರ ಕೇಳಿಸಬೇಕಿತ್ತು. ಕೇಳಿಸದ ನಟನಿಗೆ ಕಂಪನಿಯಲ್ಲಿ ಜಾಗವಿರಲಿಲ್ಲ.

ಸ್ಟುಡಿಯೋದ ಲೆಕ್ಕವೇ ಬೇರೆ. ಹಿನ್ನೆಲೆ ಗಾಯನ ಇನ್ನೂ ಬಂದಿರಲಿಲ್ಲ. ಕ್ಯಾಮೆರಾ ಎದುರು ನಿಂತವರೇ ಹಾಡಬೇಕು, ಹಾಡುತ್ತಲೇ ಅಭಿನಯಿಸಬೇಕು. ಹಾರ್ಮೋನಿಯಂ, ತಬಲದವರು ಚೌಕಟ್ಟಿಗೆ ಬೀಳದಂತೆ, ಆದರೆ ಮೈಕಿಗೆ ಕೇಳುವಷ್ಟು ಹತ್ತಿರ ಕೂರಬೇಕು. ಹಾಡಿನ ಕೊನೆಯಲ್ಲಿ ಯಾರಾದರೂ ಕೆಮ್ಮಿದರೆ ಮತ್ತೆ ಮೊದಲಿನಿಂದ ಶುರು. ರಂಗದ ಮೇಲೆ ‘ಒನ್ಸ್ ಮೋರ್’ ಬಂದರೆ ಹುರುಪೇರುತ್ತಿದ್ದ ನಟರಿಗೆ ಈ ಮರುಹಾಡಿಕೆ ಎಂಥ ಪರೀಕ್ಷೆಯಾಗಿರಬೇಕು! ಚಪ್ಪಾಳೆಯಿಲ್ಲ, ಸಿಳ್ಳೆಯಿಲ್ಲ, ಎದುರಿಗೆ ಪ್ರೇಕ್ಷಕರೇ ಇಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ಚಿತ್ರದ ಕಥೆ ಹೊಸದಲ್ಲ. ತಾಳಮದ್ದಲೆಯಲ್ಲಿ ಇಂದ್ರಜಿತುವಿನ ಕಾಳಗ ಕೇಳಿ ಬೆಳೆದವರು ಅಲ್ಲಿ ಬೇಕಾದಷ್ಟು ಜನ. ಲಕ್ಷ್ಮಣನಿಂದ ಹತನಾದ ಇಂದ್ರಜಿತುವಿನ ಮಡದಿಯೇ ಸುಲೋಚನ. ಈ ಕಥೆಗೆ ಮಾತು, ಹಾಡು ಬರೆದವರು ರಂಗಭೂಮಿಯ ಹೆಸರಾಂತ ಕವಿ ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಹಣ ಹಾಕಿದವರು ಬೆಂಗಳೂರಿನ ವ್ಯಾಪಾರಿ ಚಮನ್‌ಲಾಲ್ ಡುಂಗಾಜಿ. ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ, ಮಂಡೋದರಿಯಾಗಿ ಲಕ್ಷ್ಮೀಬಾಯಿ. ನಿರ್ದೇಶಕ ವೈ.ವಿ. ರಾವ್ ತಾವೇ ಲಕ್ಷ್ಮಣನಾದರು.

ಬೆಂಗಳೂರಿನಲ್ಲಿ ಆಗ ಧ್ವನಿಮುದ್ರಣದ ಸೌಕರ್ಯವಿದ್ದ ಸ್ಟುಡಿಯೋ ಇರಲಿಲ್ಲ. ಹೀಗಾಗಿ ಇಡೀ ತಂಡ ಗಂಟುಮೂಟೆ ಕಟ್ಟಿಕೊಂಡು ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ಗೆ ಹೋಯಿತು. ಸುಮಾರು ಎರಡು ತಿಂಗಳ ಕೆಲಸ, 40,000 ರೂಪಾಯಿ ಖರ್ಚು. 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಗೆ ಬಂದ ಚಿತ್ರಕ್ಕೆ ವಾರಗಟ್ಟಲೆ ಜನ ಮುಗಿಬಿದ್ದರು.

ಇಲ್ಲಿ ಕೈ ಪಳಗಿಸಿಕೊಂಡ ವೈ.ವಿ. ರಾವ್ 1937ರಲ್ಲಿ ತಮಿಳಿನ ‘ಚಿಂತಾಮಣಿ’ ನಿರ್ದೇಶಿಸಿದರು. ಪಾಪನಾಶಂ ಶಿವನ್ ಅವರ ಹಾಡುಗಳು, ಎಂ.ಕೆ. ತ್ಯಾಗರಾಜ ಭಾಗವತರ ಕಂಠ. ಒಂದೇ ಚಿತ್ರಮಂದಿರದಲ್ಲಿ ವರ್ಷ ಪೂರೈಸಿದ ಮೊದಲ ತಮಿಳು ಚಿತ್ರವೆಂಬ ಖ್ಯಾತಿ ಅದರದು. ಅದರ ನಾಯಕಿ ಅಶ್ವತ್ಥಮ್ಮ ಕನ್ನಡದ ಹೆಣ್ಣುಮಗಳು ಎಂಬುದನ್ನು ನಮ್ಮವರು ಇನ್ನಷ್ಟು ಅಭಿಮಾನದಿಂದ ನೆನೆಯಬೇಕಿತ್ತು.

ನಾಯ್ಡು–ರಾಯರ ಜೋಡಿ ನಾಟಕವನ್ನು ಬಿಡಲಿಲ್ಲ. ಅವರ ಕಂಪನಿಯ ‘ಭೂಕೈಲಾಸ’ ನಾಟಕವೇ 1940ರಲ್ಲಿ ತೆಲುಗು ಚಿತ್ರವಾಯಿತು. ಅದರಲ್ಲಿ ರಾವಣನ ವೇಷ ನಾಯ್ಡು ಅವರದು, ರಾಯರು ನಾರದ. ನಾಯ್ಡು ಅವರ ಮಗ ನಟ ಲೋಕೇಶ್. ರಾಯರ ಮಕ್ಕಳು ಗೀತರಚನಕಾರ ಆರ್.ಎನ್. ಜಯಗೋಪಾಲ್, ಛಾಯಾಗ್ರಾಹಕ ಕೃಷ್ಣಪ್ರಸಾದ್, ನಟ ಸುದರ್ಶನ್. ಕನ್ನಡ ಚಿತ್ರರಂಗ ಬೆಳೆದದ್ದೇ ಇಂಥ ಮನೆಗಳಲ್ಲಿ.

ಇಷ್ಟಾದರೂ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ. ‘ಚಿಂತಾಮಣಿ’ಯ ಗತಿಯೂ ಅದೇ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಆರಂಭವಾದದ್ದು 1964ರಲ್ಲಿ. ಆ ವೇಳೆಗೆ ಎಷ್ಟೋ ರೀಲುಗಳು ಹಾಳಾಗಿ ಹೋಗಿದ್ದವು. ಆ ಕಾಲದಲ್ಲಿ ಚಿತ್ರಮಂದಿರದ ಬಾಗಿಲಲ್ಲಿ ಹಾಡಿನ ಪುಸ್ತಕ, ಕರಪತ್ರಗಳು ಕೈಗೆ ಸಿಗುತ್ತಿದ್ದವು. ಮಲೆನಾಡಿನ ಹಳೆಯ ಮನೆಗಳ ಅಟ್ಟ ಗುಡಿಸುವವರು ಪೆಟ್ಟಿಗೆಯ ಕಾಗದಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಬಿಡಿಸಿ ನೋಡಲಿ. ಅಂಥದ್ದು ಸಿಕ್ಕರೆ ನಾಗೇಂದ್ರರಾಯರ ರಾವಣ ಹಾಡಿದ್ದೇನೆಂದು ಓದಿಯಾದರೂ ತಿಳಿಯಬಹುದು. ಕೇಳುವ ಅವಕಾಶವಂತೂ ನಮಗಿಲ್ಲ.