ನಡುಮನೆಗೆ ಬಂದ ಸ್ವರ್ಗದ ಹಕ್ಕಿ

ನರ್ಸರಿಗಳಲ್ಲಿ ಬಾಳೆಗಿಡದಂತೆ ಕಾಣುವ ಎತ್ತರದ ಗಿಡವೊಂದು ಕುಂಡದಲ್ಲಿ ನಿಂತಿರುವುದನ್ನು ನೀವೂ ನೋಡಿರಬಹುದು. ಅದೇ ಬಿಳಿ ಬರ್ಡ್ ಆಫ್ ಪ್ಯಾರಡೈಸ್, ಅಂದರೆ ಸ್ವರ್ಗದ ಹಕ್ಕಿ. ದಕ್ಷಿಣ ಆಫ್ರಿಕದ ಪೂರ್ವ ಕರಾವಳಿ ಇದರ ತವರು. ಅಲ್ಲಿ 20-30 ಅಡಿ ಬೆಳೆಯುವ ಇದು ಮನೆಯೊಳಗೆ 6-8 ಅಡಿಗೆ ನಿಲ್ಲುತ್ತದೆ. ಬೆಲೆ ಸ್ವಲ್ಪ ಹೆಚ್ಚೇ. ಮನೆಖರ್ಚಿನಲ್ಲಿ ಉಳಿಸಿದ ದುಡ್ಡು ಕೊಟ್ಟು ತಂದ ಗಿಡ ನಾಲ್ಕೇ ತಿಂಗಳಲ್ಲಿ ಕೊಳೆತುಹೋದರೆ ಯಾರಿಗೆ ತಾನೇ ಸಂಕಟವಾಗದು? ನಮ್ಮ ಅತಿಯಾದ ಉಪಚಾರವೇ ಎಷ್ಟೋ ಸಲ ಇದಕ್ಕೆ ಮುಳುವಾಗುತ್ತದೆ.

ಬೆಳಕು: ಇದು ಬಿಸಿಲಿನ ಗಿಡ. ಪೂರ್ವದ ಕಿಟಕಿಯ ಹತ್ತಿರವೇ ಇಡಿ. ದಿನಕ್ಕೆ ಮೂರು-ನಾಲ್ಕು ಗಂಟೆ ಎಳೆಬಿಸಿಲು ಬಿದ್ದರೆ ಒಳ್ಳೆಯದು. ನೆರಳಲ್ಲಿ ಬೆಳೆದ ಗಿಡವನ್ನು ಒಮ್ಮೆಲೇ ಮಧ್ಯಾಹ್ನದ ಬಿಸಿಲಿಗಿಟ್ಟರೆ ಎಲೆ ಸುಟ್ಟೀತು. ಬಿಸಿಲೇ ಬಾರದ ಮನೆಯಾದರೆ ಮನಿಪ್ಲಾಂಟೇ ಸಾಕು, ಇದಕ್ಕೆ ದುಡ್ಡು ಹಾಕಬೇಡಿ.

ನೀರು: ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ. ಒಣಗಿದ್ದರೆ ಮಾತ್ರ ತಳದ ತೂತಿನಿಂದ ಹರಿಯುವಷ್ಟು ನೀರು ಹಾಕಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಮಳೆಗಾಲದಲ್ಲಿ ಮಣ್ಣು ಬೇಗ ಆರುವುದಿಲ್ಲ, ಆಗ ಇನ್ನೂ ಕಡಿಮೆ ಸಾಕು. ಹಳೆಯ ಎಲೆ ಒಂದೊಂದು ಹಳದಿಯಾಗುವುದು ಸಹಜ. ಒಟ್ಟಿಗೇ ಹಲವು ಹಳದಿಯಾಗಿ ಮಣ್ಣೂ ತೇವವಿದ್ದರೆ ಬೇರು ಕೊಳೆಯುತ್ತಿದೆ ಎಂದೇ ತಿಳಿಯಿರಿ.

ಮಣ್ಣು: ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮಪಾಲು ಬೆರೆಸಿ. ಬೇರು ಸ್ವಲ್ಪ ಇಕ್ಕಟ್ಟಾಗಿದ್ದರೂ ಇದಕ್ಕೆ ಬೇಸರವಿಲ್ಲ. ಎರಡು ವರ್ಷಕ್ಕೊಮ್ಮೆ ಒಂದು ಅಳತೆ ದೊಡ್ಡ ಕುಂಡಕ್ಕೆ ಬದಲಿಸಿದರಾಯಿತು. ಬುಡದಲ್ಲಿ ಬಂದ ಕಂದುಗಳನ್ನು ಬೇರುಸಹಿತ ಬಿಡಿಸಿ ಬೇರೆ ನೆಡಬಹುದು.

ಎಲೆ ಸೀಳಿತೇ?: ಗಾಬರಿ ಬೇಡ, ರೋಗವಲ್ಲ. ಹಿತ್ತಿಲ ಬಾಳೆ ಎಲೆ ಗಾಳಿಗೆ ಸೀಳುವುದಿಲ್ಲವೇ? ಇದರದ್ದೂ ಅದೇ ಗುಣ. ಸೀಳಿದ ಎಲೆಯನ್ನು ಕತ್ತರಿಸಬೇಡಿ, ಗಿಡಕ್ಕೆ ಅದರಿಂದಲೂ ಆಹಾರ ಸಿಗುತ್ತದೆ. ಅಂಚು ಕಂದಾದರೆ ಒಣಗಾಳಿ ಕಾರಣವಿರಬಹುದು, ಫ್ಯಾನಿನ ನೇರ ಗಾಳಿಯಿಂದ ದೂರ ಸರಿಸಿ.

ಕೀಟ: ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆಯ ಎರಡೂ ಬದಿ ಒರೆಸಿ. ಬಿಳಿ ಹತ್ತಿಯಂಥ ಹಿಟ್ಟು ತಿಗಣೆ ಕಂಡರೆ ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರವ ಕಲಕಿ ಸಂಜೆ ಹೊತ್ತು ಸಿಂಪಡಿಸಿ.

ಕೊಕ್ಕಿನಂಥ ಬಿಳಿ-ನೀಲಿ ಹೂವನ್ನು ಮನೆಯೊಳಗೆ ನಿರೀಕ್ಷಿಸಬೇಡಿ, ಅದು ತೀರಾ ಅಪರೂಪ. ಸುರುಳಿ ಬಿಚ್ಚುವ ಹೊಸ ಸುಳಿಯೇ ಇದರ ಸೊಗಸು. ಇನ್ನೊಂದು ಮಾತು: ಬಾಳೆಯಂತೆ ಕಂಡರೂ ಊಟಕ್ಕೆ ಹಾಕುವ ಎಲೆ ಇದಲ್ಲ. ತಿಂದರೆ ವಾಂತಿ, ಹೊಟ್ಟೆನೋವು ಬರಬಹುದು. ಪುಟ್ಟ ಮಕ್ಕಳು, ಬೆಕ್ಕು-ನಾಯಿ ಇರುವ ಮನೆಯವರು ಕುಂಡವನ್ನು ಅವರ ಬಾಯಿಗೆ ಎಟುಕದಂತೆ ಇಡಿ.